ಕಿಲ್ಟ್ ಯಾರದು, ಯಾವಾಗ ಉಡುವುದು: ಒಂದು ನಿಷೇಧ, ಒಂದು ರಾಜಭೇಟಿ ಮತ್ತು ಸ್ಕಾಟರ ಮನಸ್ಸು

1757ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡ್ಸ್ ಸೀಮೆಯವನೊಬ್ಬ ಕಿಲ್ಟ್, ಅಂದರೆ ಸೊಂಟದಿಂದ ಮೊಣಕಾಲಿನವರೆಗೆ ಇಳಿಯುವ ನಿರಿಗೆಯ ಉಡುಪು, ಉಟ್ಟ ಆರೋಪದ ಮೇಲೆ ನ್ಯಾಯಾಲಯದ ಮುಂದೆ ನಿಂತಿದ್ದ. ಕದ್ದಿರಲಿಲ್ಲ, ಯಾರನ್ನೂ ಹೊಡೆದಿರಲಿಲ್ಲ. ಅಪ್ಪ ಅಜ್ಜಂದಿರು ಉಡುತ್ತಿದ್ದದ್ದನ್ನೇ ಉಟ್ಟಿದ್ದ. ಅವನನ್ನು ಉಳಿಸಿದ್ದು ಒಂದು ಹೊಲಿಗೆ. ಬಟ್ಟೆಯ ನಡುವೆ, ಎರಡು ಕಾಲುಗಳ ಮಧ್ಯೆ, ದಾರ ಹಾಯಿಸಿ ಕೂಡಿಸಿದ್ದರಿಂದ ಅದು ಡಚ್ ನಾವಿಕರು ತೊಡುವ ದೊಗಳೆ ಚಲ್ಲಣದಂತೆಯೇ ಇದೆ ಎಂದು ತೋರಿಸಿಕೊಟ್ಟ ಮೇಲೆ ಅವನಿಗೆ ಬಿಡುಗಡೆಯಾಯಿತು. ಹೊಲಿಗೆ ಇಲ್ಲದಿದ್ದರೆ ಆರು ತಿಂಗಳ ಸೆರೆವಾಸ.

ಈಗ ಎಡಿನ್‌ಬರೊ ನಗರದಲ್ಲಿ ಶನಿವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ಮದುಮಗ, ಅವನ ಅಣ್ಣತಮ್ಮಂದಿರು, ಮಾವ ಎಲ್ಲರೂ ಕಿಲ್ಟ್ ಉಟ್ಟು ಫೋಟೊಗೆ ನಿಂತಿದ್ದರೆ ದಾರಿಹೋಕರು ತಿರುಗಿ ಕೂಡ ನೋಡುವುದಿಲ್ಲ. ಮದುವೆಗೆ ಬಂದ ಪರದೇಶದ ಗೆಳೆಯರು ಮಾತ್ರ ಅಳುಕುತ್ತಲೇ ಕೇಳುತ್ತಾರೆ: ನಾವು ಉಟ್ಟರೆ ತಪ್ಪಾಗುತ್ತದೆಯೇ? ಬಹಳಷ್ಟು ಸ್ಕಾಟರು ಕೊಡುವ ಉತ್ತರ ಒಂದೇ: ಉಡಿ, ಆದರೆ ಸರಿಯಾಗಿ ಉಡಿ. ಈ ಉತ್ತರದ ಹಿಂದೆ ಒಂದು ದೊಡ್ಡ ಕಥೆಯಿದೆ, ಅದರಲ್ಲಿ ನೋವಿನ ಪಾಲೇ ಹೆಚ್ಚು.

ಕಿಲ್ಟ್ ಎಂಬ ಪದದ ಮೂಲ ಅರ್ಥ ಎತ್ತಿ ಕಟ್ಟು, ಎತ್ತಿ ಸಿಕ್ಕಿಸು ಎಂದು. ಅದು ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದ ಕ್ರಿಯಾಪದ. ಗೇಲಿಕ್ ಮಾತನಾಡುವ ಹೈಲ್ಯಾಂಡ್ ಜನ ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಉಡುತ್ತಿದ್ದದ್ದನ್ನು ಅವರದೇ ಭಾಷೆಯಲ್ಲಿ ಫೇಲೆ ಮೋರ್, ಅಂದರೆ ದೊಡ್ಡ ಸುತ್ತುಡುಗೆ, ಎನ್ನುತ್ತಾರೆ. ಅದಕ್ಕೆ ಕತ್ತರಿ, ಸೂಜಿ ಬೇಕಿರಲಿಲ್ಲ. ಚೌಕಳಿಯ ಉದ್ದನೆಯ ಉಣ್ಣೆ ಬಟ್ಟೆಯನ್ನು ನಿರಿಗೆ ಹಿಡಿದು, ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದರೆ ಕೆಳಗಿನ ಭಾಗ ಮೊಣಕಾಲಿನವರೆಗೆ ಇಳಿಯುತ್ತಿತ್ತು. ಮೇಲೆ ಉಳಿದದ್ದನ್ನು ಹೆಗಲಿಗೆ ಹಾಕಿಕೊಂಡರೆ ಚಾದರ, ಮಳೆ ಬಂದರೆ ತಲೆಗೆ ಮುಸುಕು, ರಾತ್ರಿ ಪಟ್ಟಿ ಬಿಚ್ಚಿದರೆ ಹೊದಿಕೆ. ಹೊಳೆ ದಾಟಬೇಕಾದವನಿಗೆ, ಒದ್ದೆ ಹುಲ್ಲಿನ ಗುಡ್ಡದಲ್ಲಿ ದನದ ಹಿಂದೆ ಅಲೆಯುವವನಿಗೆ ಒದ್ದೆ ಪ್ಯಾಂಟಿಗಿಂತ ಬರಿಗಾಲೇ ಹಿತ.

ಆದರೆ ಇದು ಇಡೀ ಸ್ಕಾಟ್ಲೆಂಡಿನ ಉಡುಪಾಗಿರಲಿಲ್ಲ, ಮುಂದಿನ ಎಲ್ಲ ಗೊಂದಲದ ಬೇರು ಇರುವುದೇ ಇಲ್ಲಿ. ಎಡಿನ್‌ಬರೊ, ಗ್ಲಾಸ್ಗೊ ಇರುವ ತಗ್ಗು ಸೀಮೆಯ ಲೋಲ್ಯಾಂಡ್ ಜನರ ಭಾಷೆ ಬೇರೆ, ಉಡುಗೆ ಬೇರೆ. ಅವರ ಕಣ್ಣಿಗೆ ಮೊಣಕಾಲು ಕಾಣುವ ಈ ಬಟ್ಟೆ ದನಗಳ್ಳರ ಗುರುತು. ಇಂದು ಕಿಲ್ಟ್ ಉಟ್ಟು ಹೆಮ್ಮೆಪಡುವ ಬಹುಪಾಲು ಸ್ಕಾಟರ ಪೂರ್ವಜರು ಅದನ್ನು ಉಟ್ಟವರಲ್ಲ, ಉಟ್ಟವರನ್ನು ಕಂಡು ಬಾಗಿಲು ಹಾಕಿಕೊಂಡವರು.

ಇಂದು ನಾವು ಕಾಣುವ ಕಿಲ್ಟ್ ಆ ದೊಡ್ಡ ಬಟ್ಟೆಯ ಕೆಳಗಿನ ಅರ್ಧ, ಫೇಲೆ ಬೆಗ್, ಅಂದರೆ ಚಿಕ್ಕ ಸುತ್ತುಡುಗೆ. ಅದನ್ನು ಹುಟ್ಟಿಸಿದ್ದು ಇಂಗ್ಲೆಂಡಿನ ಲ್ಯಾಂಕಶೈರ್‌ನಿಂದ ಬಂದ ಥಾಮಸ್ ರಾಲಿನ್ಸನ್ ಎಂಬ ಕಬ್ಬಿಣದ ಕುಲುಮೆಯ ಒಡೆಯ ಎಂದು 1768ರಲ್ಲಿ ಬರೆದ ಒಂದು ಪತ್ರ ಹೇಳುತ್ತದೆ. ಕುಲುಮೆಯ ಕೆಲಸಕ್ಕೆ ದೊಡ್ಡ ಬಟ್ಟೆ ತೊಡಕಾಗುತ್ತದೆಂದು 1720ರ ದಶಕದ ಕೊನೆಯ ಸುಮಾರಿಗೆ ಅವನು ಅದನ್ನು ಎರಡು ಮಾಡಿಸಿದನಂತೆ. 1983ರಲ್ಲಿ ಇಂಗ್ಲಿಷ್ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಇದನ್ನೇ ಹಿಡಿದು ಕಿಲ್ಟ್ ಪರಂಪರೆ ಎಂಬುದೇ ಕಟ್ಟಿದ್ದು ಎಂದು ವಾದಿಸಿದಾಗ ಅನೇಕ ಸ್ಕಾಟರಿಗೆ ಚುಚ್ಚಿದಂತಾಯಿತು. ಅದಕ್ಕೂ ಮೊದಲೇ ಜನ ಅರ್ಧ ಬಟ್ಟೆ ಉಡುತ್ತಿದ್ದರು ಎನ್ನುವವರೂ ಇದ್ದಾರೆ. ನನಗೆ ಈ ಜಗಳ ಅಷ್ಟು ಮುಖ್ಯವೆನಿಸುವುದಿಲ್ಲ. ಬಟ್ಟೆ ಕತ್ತರಿಸಿದವನು ಯಾರೇ ಆಗಲಿ, ಅದನ್ನು ಮೈಮೇಲೆ ಹೊತ್ತು ಶಿಕ್ಷೆ ಉಂಡವರು ಹೈಲ್ಯಾಂಡ್ ಜನ.

ಆ ಶಿಕ್ಷೆ ಬಂದದ್ದು 1746ರಲ್ಲಿ. ಸ್ಟುವರ್ಟ್ ವಂಶಕ್ಕೆ ಸಿಂಹಾಸನ ಮರಳಿ ಕೊಡಿಸಲು ಹಿಂದಿನ ವರ್ಷ ಎದ್ದ ಬಂಡಾಯ ಏಪ್ರಿಲ್ 16ರಂದು ಕಲೊಡನ್ ಬಯಲಿನಲ್ಲಿ ಮುಗಿದುಹೋಯಿತು. ಬಂಡಾಯದ ಸೇನೆಗೆ ಕಿಲ್ಟ್, ಟಾರ್ಟನ್ ಚೌಕಳಿಯೇ ಸಮವಸ್ತ್ರವಾಗಿದ್ದರಿಂದ ಸರ್ಕಾರ ಬಟ್ಟೆಯ ಮೇಲೆಯೇ ಕಾನೂನು ತಂದಿತು. ಗಂಡಸಾಗಲಿ ಹುಡುಗನಾಗಲಿ ಹೈಲ್ಯಾಂಡ್ ಉಡುಪು ಉಡಕೂಡದು. ಮೊದಲ ತಪ್ಪಿಗೆ ಜಾಮೀನಿಲ್ಲದ ಆರು ತಿಂಗಳು, ಎರಡನೆಯದಕ್ಕೆ ಏಳು ವರ್ಷ ಕಡಲಾಚೆಯ ತೋಟಗಳಿಗೆ ಗಡೀಪಾರು. ರಾಜನ ಪರವಾಗಿ ಹೋರಾಡಿದವರಿಗೂ ವಿನಾಯಿತಿ ಇರಲಿಲ್ಲ. ಗೇಲಿಕ್ ಕವಿ ಡಂಕನ್ ಬಾನ್ ಮ್ಯಾಕಿಂಟೈರ್ ಸರ್ಕಾರದ ಕಡೆಯ ಸೈನಿಕನಾಗಿ ಕತ್ತಿ ಹಿಡಿದಿದ್ದವನು. ಅವನೇ ಚಲ್ಲಣವನ್ನು ಶಪಿಸಿ ಹಾಡು ಕಟ್ಟಿದ. ನಿಷ್ಠರಾದವರಿಗೂ ದ್ರೋಹಿಗಳಿಗೂ ಒಂದೇ ಅವಮಾನ ಎಂಬ ಅವನ ಸಂಕಟ ನ್ಯಾಯವಾದದ್ದು.

ಕಾನೂನಿನಲ್ಲಿ ಒಂದೇ ಒಂದು ಬಾಗಿಲು ತೆರೆದಿತ್ತು: ಸೈನ್ಯ. ಬ್ರಿಟಿಷ್ ದೊರೆಗಾಗಿ ಕೋವಿ ಹೊರುವವನು ಕಿಲ್ಟ್ ಉಡಬಹುದಿತ್ತು. ಹಳ್ಳಿಯಲ್ಲಿ ಅಪರಾಧವಾದದ್ದು ಬ್ಯಾರಕ್ಕಿನಲ್ಲಿ ಗೌರವ. ಈ ಬಾಗಿಲಿನಿಂದ ಹೊರಟ ದಾರಿಯೊಂದು ನಮ್ಮ ಶ್ರೀರಂಗಪಟ್ಟಣಕ್ಕೂ ಬಂದಿದೆ. ಬಂಡಾಯದಲ್ಲಿ ಭಾಗವಹಿಸಿ ಕ್ಷಮೆ ಪಡೆದಿದ್ದ ಲಾರ್ಡ್ ಮ್ಯಾಕ್ಲಿಯೋಡ್ 1777ರಲ್ಲಿ, ನಿಷೇಧ ಇನ್ನೂ ಜಾರಿಯಲ್ಲಿದ್ದಾಗಲೇ, ಒಂದು ಹೈಲ್ಯಾಂಡ್ ಪಡೆಯನ್ನು ಕಟ್ಟಿದ. ಆ ಪಡೆಯ ತುಕಡಿಗಳು 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸಿಕ್ಕಿಬಿದ್ದವು. ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸಂಕೋಲೆ ತೊಟ್ಟಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್‌ ಆ ಪಡೆಯವನೇ. 1799ರಲ್ಲಿ ಕೋಟೆಗೆ ನುಗ್ಗಿದ ದಂಡಿನ ಮುಂದಾಳೂ ಅವನೇ. ದರಿಯಾ ದೌಲತ್‌ನ ಗೋಡೆಯಲ್ಲಿ ಪೊಳ್ಳಿಲೂರು ಕದನದ ಚಿತ್ರ ನೋಡುವಾಗ ಇದೂ ನೆನಪಿರಲಿ.

1782ರ ಜುಲೈ 1ರಂದು ನಿಷೇಧ ರದ್ದಾಯಿತು. ಗೇಲಿಕ್‌ನಲ್ಲೂ ಇಂಗ್ಲಿಷಿನಲ್ಲೂ ಹೊರಡಿಸಿದ ಸಾರೋಲೆಯಲ್ಲಿ, ಗೇಲ್ ಜನರೇ, ಇನ್ನು ನೀವು ಲೋಲ್ಯಾಂಡರ ಗಂಡಸುತನವಿಲ್ಲದ ಉಡುಪಿಗೆ ಕಟ್ಟುಬಿದ್ದವರಲ್ಲ ಎಂಬ ಅರ್ಥದ ಮಾತಿತ್ತು. ಗಂಡಸುತನವಿಲ್ಲದ ಉಡುಪು ಎಂದರೆ ಪ್ಯಾಂಟು! ಆದರೆ ಅಷ್ಟರಲ್ಲಿ ಮೂವತ್ತಾರು ವರ್ಷ ಕಳೆದಿತ್ತು. ಒಂದು ತಲೆಮಾರು ಕಿಲ್ಟ್ ಉಡದೆಯೇ ಬೆಳೆದು ಮದುವೆಯಾಗಿ ಮಕ್ಕಳನ್ನು ಹೆತ್ತಿತ್ತು. ಸಾಮಾನ್ಯ ಜನರ ನಿತ್ಯದ ಉಡುಪಾಗಿ ಅದು ಮತ್ತೆ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಅದನ್ನು ಕೈಗೆತ್ತಿಕೊಂಡವರು ಭೂಮಾಲೀಕರು, ಲಂಡನ್ನಿನ ಹೈಲ್ಯಾಂಡ್ ಸೊಸೈಟಿಯ ದೊಡ್ಡ ಮನುಷ್ಯರು. ಹೈಲ್ಯಾಂಡ್ಸ್‌ನ ಒಡೆಯರಲ್ಲಿ ಅನೇಕರು ಅದೇ ಕಾಲಕ್ಕೆ ಕುರಿ ಸಾಕಣೆಗಾಗಿ ತಮ್ಮ ಒಕ್ಕಲುಗಳನ್ನು ಕಣಿವೆಗಳಿಂದ ಎಬ್ಬಿಸುತ್ತಿದ್ದರು. ಉಡುಪಿಗೆ ಮರ್ಯಾದೆ ಬಂತು, ಉಟ್ಟವರ ಸೂರು ಹೋಯಿತು. ಕಿಲ್ಟ್ ಕಂಡರೆ ಕೆಲವು ಸ್ಕಾಟರಿಗೆ ಇಂದಿಗೂ ಹೊಟ್ಟೆಯಲ್ಲಿ ಕಹಿಯಾಗುವುದು ಇದಕ್ಕೇ.

1822ರ ಆಗಸ್ಟ್‌ನಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದ. ಸುಮಾರು 170 ವರ್ಷಗಳಿಂದ ಆಳುವ ದೊರೆಯೊಬ್ಬ ಸ್ಕಾಟ್ಲೆಂಡಿಗೆ ಕಾಲಿಟ್ಟಿರಲಿಲ್ಲ. ಸ್ವಾಗತದ ಹೊಣೆ ಹೊತ್ತ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಲೋಲ್ಯಾಂಡರಾದಿಯಾಗಿ ಎಲ್ಲರೂ ಟಾರ್ಟನ್ ತೊಡುವಂತೆ ಹುರಿದುಂಬಿಸಿದ. ದೊರೆಯೂ ಹೋಲಿರೂಡ್ ಅರಮನೆಯಲ್ಲಿ ಕಿಲ್ಟ್ ಉಟ್ಟ. ಒಡವೆ, ಆಯುಧಗಳೂ ಸೇರಿ ಆ ಪೋಷಾಕಿನ ಬೆಲೆ 1,354 ಪೌಂಡು 18 ಷಿಲಿಂಗ್. ಕಿಲ್ಟ್ ಮೊಣಕಾಲಿಗಿಂತ ಬಹಳ ಮೇಲೆ, ಕೆಳಗೆ ಗುಲಾಬಿ ಬಣ್ಣದ ಬಿಗಿ ಉಡುಪು. ಬಂದಿರುವುದೇ ಸ್ವಲ್ಪ ದಿನಕ್ಕೆ, ಎಷ್ಟು ಹೆಚ್ಚು ಕಂಡರೆ ಅಷ್ಟು ಒಳ್ಳೆಯದು ಎಂದು ಕುಲೀನ ಮಹಿಳೆಯೊಬ್ಬಳು ಆಡಿದ ಮಾತು ಇನ್ನೂ ಉಳಿದುಬಂದಿದೆ. ನಮಗೆ ಶಿಕ್ಷಣದ ಟಿಪ್ಪಣಿಯಿಂದ ಪರಿಚಿತನಾದ ಮೆಕಾಲೆ, ಹೆಬ್ರಿಡೀಸ್ ದ್ವೀಪಗಳ ಮೂಲದ ಮನೆತನದವನು, ಈ ಪ್ರಸಂಗದ ಬಗ್ಗೆ ಕಟುವಾಗಿ ಬರೆದ: ಹಿಂದೆ ಹತ್ತರಲ್ಲಿ ಒಂಬತ್ತು ಸ್ಕಾಟರು ಕಳ್ಳನ ಉಡುಪು ಎನ್ನುತ್ತಿದ್ದದ್ದನ್ನೇ ದೊರೆ ಸ್ಕಾಟ್ಲೆಂಡಿಗೆ ಗೌರವವೆಂದು ತೊಟ್ಟ ಎಂದು. ಆದರೂ ಆ ಎರಡು ವಾರಗಳಲ್ಲಿ ಹೈಲ್ಯಾಂಡ್ಸ್‌ನ ಬಟ್ಟೆ ಇಡೀ ದೇಶದ ಬಟ್ಟೆಯಾಗಿಬಿಟ್ಟಿತು.

ಮನೆತನಕ್ಕೊಂದು ಚೌಕಳಿ ಎಂಬ ನಂಬಿಕೆ ಗಟ್ಟಿಯಾದದ್ದೂ ಆ ಕಾಲದಲ್ಲೇ. ಹಿಂದೆ ನೇಕಾರ ಯಾವ ಬಣ್ಣ ಕೊಟ್ಟನೋ, ಸೀಮೆಯಲ್ಲಿ ಯಾವುದು ಬಳಕೆಯಲ್ಲಿತ್ತೋ ಅದು. ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ನೇಕಾರರು ತಮ್ಮ ನಮೂನೆಗಳಿಗೆ ಮೊದಲು ಅಂಕಿಗಳನ್ನು ಕೊಡುತ್ತಿದ್ದರು, ಆಮೇಲೆ ಹಲವಕ್ಕೆ ಮನೆತನಗಳ ಹೆಸರು ಬಂತು. 1842ರಲ್ಲಿ ಸ್ಟುವರ್ಟ್ ವಂಶದವರೆಂದು ಹೇಳಿಕೊಂಡ ಇಬ್ಬರು ಸೋದರರು ಪ್ರಾಚೀನ ಹಸ್ತಪ್ರತಿಯ ಆಧಾರವಿದೆಯೆಂದು ಒಂದು ಟಾರ್ಟನ್ ಸಂಗ್ರಹ ಪ್ರಕಟಿಸಿದರು. ಹಸ್ತಪ್ರತಿ ಸುಳ್ಳು, ಚೌಕಳಿಗಳು ಮಾತ್ರ ಬಳಕೆಗೆ ಬಂದುಬಿಟ್ಟವು. ನಿಮ್ಮ ಕುಲದ್ದಲ್ಲದ ಟಾರ್ಟನ್ ಉಡಬಾರದು ಎಂದು ಕಟ್ಟುನಿಟ್ಟು ಮಾಡುವವರು ಇದನ್ನೊಮ್ಮೆ ತಿಳಿಯಬೇಕು. ಯಾರು ಯಾವುದನ್ನು ಉಡಬೇಕೆಂಬ ಕಾನೂನು ಇಂದು ಇಲ್ಲ. ಹೊಸ ನಮೂನೆಗಳನ್ನು 2009ರಿಂದ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬಹುದು.

ಮೊದಲ ಮಹಾಯುದ್ಧದಲ್ಲಿ ಹೈಲ್ಯಾಂಡ್ ಪಡೆಗಳು ಕಂದಕದ ಕೆಸರಿಗೂ ಕಿಲ್ಟ್ ಉಟ್ಟೇ ಇಳಿದವು. ನಿರಿಗೆಗಳಲ್ಲಿ ಹೇನು ತುಂಬಿಕೊಳ್ಳುತ್ತಿತ್ತು, ನೆನೆದ ಉಣ್ಣೆಯ ಅಂಚು ಹೆಪ್ಪುಗಟ್ಟಿ ಕಾಲು ಕೊಯ್ಯುತ್ತಿತ್ತು. 1940ರಲ್ಲಿ ಅದು ಯುದ್ಧಭೂಮಿಯಿಂದ ಹಿಂದೆ ಸರಿಯಿತು. ಬಳಿಕ ಬಹುಕಾಲ ನಗರದ ದುಡಿಯುವ ಜನರ ಪಾಲಿಗೆ ಕಿಲ್ಟ್ ಎಂದರೆ ಸೈನಿಕ, ಜಮೀನ್ದಾರ, ಇಲ್ಲವೇ ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರ. ಅದನ್ನು ಬೀದಿಗೆ ಮರಳಿ ತಂದವರಲ್ಲಿ ಫುಟ್‌ಬಾಲ್ ಅಭಿಮಾನಿಗಳಿದ್ದಾರೆ. ಜೆರ್ಸಿ, ಬೂಟು, ಕಿಲ್ಟ್: ಟಾರ್ಟನ್ ಆರ್ಮಿ ಎಂದೇ ಹೆಸರಾದ ಅವರು ಹಳೆಯ ಶಿಸ್ತನ್ನೆಲ್ಲ ಬದಿಗಿಟ್ಟರು. 1998ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧದ ಮೊದಲ ಪಂದ್ಯ ಶುರುವಾಗುವ ಮುನ್ನ ಸ್ಕಾಟ್ಲೆಂಡ್ ಆಟಗಾರರೇ ಕಿಲ್ಟ್ ಉಟ್ಟು ಮೈದಾನಕ್ಕೆ ಬಂದರು. ಮದುಮಗ ಮದುವೆಗೆ ಬಾಡಿಗೆಗೆ ತಂದು ಉಡುವುದು ವಾಡಿಕೆಯಾಯಿತು. ಮದುವೆ, ಪದವಿ ಪ್ರದಾನ, ಕವಿ ರಾಬರ್ಟ್ ಬರ್ನ್ಸ್‌ನ ನೆನಪಿನ ಜನವರಿ 25ರ ಬರ್ನ್ಸ್ ರಾತ್ರಿ, ಹೊಸ ವರ್ಷ, ರಗ್ಬಿ ಪಂದ್ಯ, ಕೇಲಿ ಕುಣಿತ ಇವು ಈಗ ಒಪ್ಪಿತ ಸಂದರ್ಭಗಳು. ದಿನಾ ಉಡುವವರು ಅಲ್ಲೊಬ್ಬ ಇಲ್ಲೊಬ್ಬ. ಹೈಲ್ಯಾಂಡ್ಸ್‌ನ ರೈತನೂ ಕೊಟ್ಟಿಗೆಗೆ ಹೋಗುವುದು ಪ್ಯಾಂಟಿನಲ್ಲೇ.

ಯಾರು ಉಡಬೇಕು ಎಂಬ ಪ್ರಶ್ನೆಗೆ ರಕ್ತಸಂಬಂಧದ ಉತ್ತರ ಕೊಡುವವರು ಈಗ ಕಡಿಮೆ. 1999ರಲ್ಲೇ ಸಿಂಗ್ ಹೆಸರಿನ ಟಾರ್ಟನ್ ನೋಂದಣಿಯಾಯಿತು. 2016ರಲ್ಲಿ ಪಾಕಿಸ್ತಾನ ಮೂಲದ ಕುಟುಂಬದ ರಾಜಕಾರಣಿ ಹಮ್ಜಾ ಯೂಸಫ್ ಸ್ಕಾಟಿಷ್ ಸಂಸತ್ತಿನಲ್ಲಿ ಕಿಲ್ಟ್ ಉಟ್ಟು ಉರ್ದುವಿನಲ್ಲೂ ಪ್ರಮಾಣ ಸ್ವೀಕರಿಸಿದರು. ಹೆಂಗಸರ ವಿಷಯದಲ್ಲಿ ಮಾತ್ರ ಮನಸ್ಸು ಇನ್ನೂ ಇಬ್ಭಾಗ. ಹೈಲ್ಯಾಂಡ್ ನೃತ್ಯದ ಹುಡುಗಿಯರು, ಪೈಪ್ ಬ್ಯಾಂಡಿನ ಹೆಂಗಸರು ಕಿಲ್ಟ್ ಉಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಮದುವೆಯಲ್ಲಿ ಉಟ್ಟರೆ ಹುಬ್ಬೇರಿಸುವ ಹಿರಿಯರಿದ್ದಾರೆ.

ಸ್ಕಾಟರು ನಿಜವಾಗಿ ಕೆರಳುವುದು ಅಸಡ್ಡೆಗೆ. ಪ್ರವಾಸಿ ಬೀದಿಯಲ್ಲಿ ಮಾರುವ ತೆಳ್ಳನೆಯ ಅಕ್ರಿಲಿಕ್ ಕಿಲ್ಟ್, ಸುಳ್ಳು ಕೆಂಪು ಕೂದಲು ಅಂಟಿಸಿದ ಟೋಪಿ, ಒಳಗೇನು ಉಟ್ಟಿದ್ದೀಯ ಎಂಬ ಸವೆದ ಪ್ರಶ್ನೆ. ಪ್ರಶ್ನೆ ಕೈಯವರೆಗೂ ಹೋಗುವುದುಂಟು. 2017ರಲ್ಲಿ ಇನ್ವರ್ನೆಸ್‌ನ ಪಬ್ ಒಂದರಲ್ಲಿ ಗಿರಾಕಿಗಳು ಕಿಲ್ಟ್ ಎತ್ತಿ ನೋಡುವ ಕಾಟ ತಾಳದೆ ಕೆಲಸದ ಹುಡುಗರು ಪ್ಯಾಂಟಿಗೆ ಮರಳಿದರು. ಇದನ್ನು ತಮಾಷೆ ಎಂದು ನಗುವವರನ್ನು ನಾನು ಒಪ್ಪಲಾರೆ. ಉಡುಪು ಯಾವುದಾದರೂ ಮೈ ಆ ಮನುಷ್ಯನದು.

ಒಳ್ಳೆಯ ಕಿಲ್ಟ್‌ಗೆ ಎಂಟು ಗಜ ಉಣ್ಣೆ ಬೇಕು. ಮುಂಭಾಗ ಚಪ್ಪಟೆ, ನಿರಿಗೆಯೆಲ್ಲ ಹಿಂದೆ. ನಿರಿಗೆ ಹಿಡಿದ ಮೇಲೂ ಚೌಕಳಿ ಮುರಿಯದಂತೆ ಗೆರೆಗೆ ಗೆರೆ ಕೂಡಿಸಿ ಕೈಯಲ್ಲೇ ಹೊಲಿಯುತ್ತಾರೆ. ಮೊದಲ ಸಲ ಉಟ್ಟವನು ಮದುವೆ ಊಟದ ಹೊತ್ತಿಗೆ ಕುರ್ಚಿಯ ಮೇಲೆ ಸುಮ್ಮನೆ ಕುಸಿದರೆ ಆ ಕೆಲಸವೆಲ್ಲ ಮುದ್ದೆಯಾಗುತ್ತದೆ. ಆಗ ಪಕ್ಕದ ಹಿರಿಯ ನಗುತ್ತ ಎದ್ದು ನಿಂತು ತೋರಿಸಿಕೊಡುತ್ತಾನೆ: ಎರಡೂ ಅಂಗೈ ಬೆನ್ನ ಹಿಂದೆ ಒಯ್ದು, ಸೊಂಟದಿಂದ ಕೆಳಕ್ಕೆ ನಿರಿಗೆಗಳನ್ನು ಸವರಿ, ಆಮೇಲೆ ಕೂರುವುದು.