ಗಾರ್ಗಾಯಲ್: ನೀರು ಉಗುಳಿದರೆ ಮಾತ್ರ ಆ ಹೆಸರು

ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಮೇಲೆ ಕೆನ್ನೆಗೆ ಕೈಕೊಟ್ಟು, ನಾಲಿಗೆ ಚಾಚಿ, ಊರು ನೋಡುತ್ತಾ ಕೂತ ರೆಕ್ಕೆಯ ಪ್ರಾಣಿ ಎಲ್ಲರಿಗೂ ಗೊತ್ತು. ಅದರ ಫೋಟೋ ಹಾಕಿದವರೆಲ್ಲ ಕೆಳಗೆ ‘ಮಧ್ಯಯುಗದ ಗಾರ್ಗಾಯಲ್’ ಎಂದೇ ಬರೆಯುತ್ತಾರೆ. ಮಧ್ಯಯುಗದ್ದೂ ಅಲ್ಲ, ಗಾರ್ಗಾಯಲ್ಲೂ ಅಲ್ಲ. 1840ರ ದಶಕದಲ್ಲಿ ಶುರುವಾದ ಜೀರ್ಣೋದ್ಧಾರದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಅದನ್ನು ಹೊಸದಾಗಿ ಮಾಡಿಸಿದರು. ಅದರೊಳಗೆ ನೀರು ಹರಿಯುವ ದಾರಿಯೇ ಇಲ್ಲ. ಫ್ರೆಂಚರು ಅದನ್ನು ಶಿಮೇರ್ ಎನ್ನುತ್ತಾರೆ.

ಗಾರ್ಗಾಯಲ್ ಎಂದರೆ ಮಳೆನೀರಿನ ದೋಣಿಯ ಬಾಯಿ. ಮಾಡಿನ ನೀರು ಗೋಡೆಗುಂಟ ಇಳಿದರೆ ಕಲ್ಲುಗಳ ನಡುವಿನ ಗಾರೆ ಸವೆಯುತ್ತದೆ. ಅದಕ್ಕೇ ಉದ್ದನೆಯ ಕಲ್ಲಿನ ಬೆನ್ನಿಗೆ ಕಾಲುವೆ ಕೊರೆದು, ಗೋಡೆಯಿಂದ ಹೊರಗೆ ಚಾಚಿಸಿ, ನೀರು ದೂರ ಬೀಳುವಂತೆ ಮಾಡಿದರು. ಫ್ರಾನ್ಸಿನ ಲಾನ್ ಕೆಥೆಡ್ರಲ್‌ನಲ್ಲಿ 1220ರ ಸುಮಾರಿನವು ಇವೆ. ನಾಯಿ, ಸಿಂಹ, ಮನುಷ್ಯ, ಎಲ್ಲ ರೂಪವೂ ಉಂಟು. ಡ್ರ್ಯಾಗನ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗಿತು, ಕತ್ತು ಉದ್ದ ಅಲ್ವಾ. ಆಗಿನ ಡ್ರ್ಯಾಗನ್ ಎಂದರೆ ಬರೀ ಬೆಂಕಿ ಕಾರುತ್ತಾ ಹಾರುವ ಸಿನಿಮಾ ಪ್ರಾಣಿಯಲ್ಲ. ಲ್ಯಾಟಿನ್‌ನ ‘ಡ್ರಾಕೋ’ ಎಂದರೆ ದೊಡ್ಡ ಹಾವು. ಬೈಬಲಿನ ಪ್ರಕಟನೆ ಗ್ರಂಥದ 12ನೇ ಅಧ್ಯಾಯದಲ್ಲಿ ಸೈತಾನನೇ ಆ ಮಹಾಸರ್ಪ.

ಹೆಸರಿನ ವಿಷಯದಲ್ಲಂತೂ ಗೊಂದಲ ಜಾಸ್ತಿ. ಫ್ರಾನ್ಸಿನ ರೂಆನ್ ಊರಿನ ಕಥೆ ಹೀಗಿದೆ. ಸೇನ್ ನದಿಯಲ್ಲಿ ಗಾರ್ಗೂಯ್ ಎಂಬ ಡ್ರ್ಯಾಗನ್ ಜನರನ್ನು ಕಾಡುತ್ತಿತ್ತು. 7ನೇ ಶತಮಾನದ ಬಿಷಪ್ ಸಂತ ರೊಮಾನುಸ್ ಅದನ್ನು ಹಿಡಿಯಲು ಹೊರಟಾಗ ಜೊತೆಗೆ ಬಂದವನು ಮರಣದಂಡನೆಯಾಗಿದ್ದ ಒಬ್ಬ ಕೈದಿ ಮಾತ್ರ. ಡ್ರ್ಯಾಗನ್ನನ್ನು ಊರಿಗೆ ಎಳೆತಂದು ಸುಟ್ಟರು. ಬೆಂಕಿ ಕಾರಿ ಅಭ್ಯಾಸವಿದ್ದ ತಲೆ, ಕತ್ತು ಮಾತ್ರ ಸುಡಲಿಲ್ಲ. ಅದನ್ನು ಚರ್ಚಿಗೆ ನೇತುಹಾಕಿದರಂತೆ. ಆ ಕೈದಿಯ ನೆನಪಿಗೆಂದು ರೂಆನ್ ಕೆಥೆಡ್ರಲ್ ವರ್ಷಕ್ಕೊಬ್ಬ ಕೈದಿಯನ್ನು ಬಿಡಿಸುತ್ತಿತ್ತು. ಫ್ರೆಂಚ್ ಕ್ರಾಂತಿಯವರೆಗೂ ಇದು ನಡೆಯಿತು.

ಕಥೆ ಸೊಗಸಾಗಿದೆ. ಆದರೆ ‘ಈ ಡ್ರ್ಯಾಗನ್ನಿಂದಲೇ ಪದ ಬಂತು’ ಎನ್ನುವುದು ತಲೆಕೆಳಗಾದ ಮಾತು. ಸಂತ ತೀರಿಹೋಗಿ ಎಷ್ಟೋ ಶತಮಾನಗಳಾದ ಮೇಲೆ ಅವರ ಕಥೆಯೊಳಗೆ ಡ್ರ್ಯಾಗನ್ ಸೇರಿತು. ಹಳೆಯ ಫ್ರೆಂಚ್‌ನಲ್ಲಿ ಗಾರ್ಗೂಯ್ ಎಂದರೆ ಗಂಟಲು. ಬಾಯಿ ಮುಕ್ಕಳಿಸುವಾಗಿನ ‘ಗಾರ್ಗಲ್’ ಕೂಡ ಇದೇ ಬೇರಿನದು. ಮೊದಲು ಗಂಟಲು, ಆಮೇಲೆ ಡ್ರ್ಯಾಗನ್.

ನೀರು ಉಗುಳದ ವಿಚಿತ್ರ ಕೆತ್ತನೆಗಳಿಗೆ ಗ್ರೊಟೆಸ್ಕ್ ಎಂಬ ಹೆಸರಿದೆ, ಅದನ್ನು ಬಳಸಿ. ಕ್ಲೆರ್ವೋ ಮಠದ ಬರ್ನಾರ್ಡ್ 1125ರ ಸುಮಾರಿಗೆ, ಹಾವಿನ ಬಾಲದ ನಾಲ್ಕು ಕಾಲಿನ ಪ್ರಾಣಿಯನ್ನೆಲ್ಲ ಮಠದಲ್ಲಿ ಯಾಕೆ ಕೆತ್ತುತ್ತೀರಿ, ನಾಚಿಕೆಯಿಲ್ಲದಿದ್ದರೆ ಖರ್ಚಾದರೂ ನೋಡಬಾರದೇ ಎಂದು ಬರೆದಿದ್ದರು. ಅದನ್ನು ಗಾರ್ಗಾಯಲ್ ವಿರೋಧ ಎಂದು ಸುಮ್ನೆ ಉಲ್ಲೇಖಿಸುತ್ತಾರೆ. ಅವರು ಬರೆದದ್ದು ಮಠದೊಳಗಿನ ಪಡಸಾಲೆಯ ಕೆತ್ತನೆಗಳ ಬಗ್ಗೆ. ಲಾನ್‌ನ ಕಲ್ಲುಬಾಯಿಗಳು ಬರಲು ಇನ್ನೂ ಸುಮಾರು ನೂರು ವರ್ಷ ಬೇಕಿತ್ತು.