ವೈರಸ್ ಹೋದ ಮೇಲೆ ಬರುವ ಮೂರ್ಛೆರೋಗ

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಏಕೆ ಬಂತೆಂದು ವೈದ್ಯರು ಹೇಳಲಾರರು. ಕಾರಣ ತಿಳಿದಿರುವವರ ಪೈಕಿ ತಲೆಗೆ ಪೆಟ್ಟು ಬಿದ್ದವರು, ಪಾರ್ಶ್ವವಾಯುವಿಗೆ ತುತ್ತಾದವರು ಇರುವಂತೆಯೇ ಹಿಂದೆಂದೋ ವೈರಸ್‌ನಿಂದ ಮಿದುಳಿನ ಉರಿಯೂತವಾಗಿ ಚೇತರಿಸಿಕೊಂಡವರೂ ಇದ್ದಾರೆ. ಇವರಲ್ಲಿ ಅನೇಕರಿಗೆ ಜ್ವರ ಇಳಿದು, ಎಲ್ಲವೂ ಸರಿಹೋಯಿತೆನ್ನುವ ಹೊತ್ತಿಗೆ, ತಿಂಗಳುಗಳ ಅಥವಾ ವರ್ಷಗಳ ಬಳಿಕ ಸೆಳವು (ಫಿಟ್ಸ್) ಕಾಣಿಸಿಕೊಳ್ಳುತ್ತದೆ.

ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ವೈರಸ್‌ಜನ್ಯ ಮಿದುಳಿನ ಉರಿಯೂತದ ಸಮಯದಲ್ಲೇ ಸೆಳವು ಬಂದವರಲ್ಲಿ ಶೇ. 22ರಷ್ಟು ಮಂದಿಗೆ ಮುಂದಿನ 20 ವರ್ಷಗಳಲ್ಲಿ ಮೂರ್ಛೆರೋಗ ಬರುವ ಸಂಭವವಿತ್ತು. ಆಗ ಸೆಳವು ಬಾರದಿದ್ದವರಲ್ಲಿ ಈ ಪ್ರಮಾಣ ಶೇ. 10. ವೈರಸ್ ಸೋಂಕು ಮಿದುಳಿನ ಪೊರೆಗಷ್ಟೇ ಸೀಮಿತವಾಗಿದ್ದವರಲ್ಲಿ ಅಪಾಯ ಹೆಚ್ಚಿದಂತೆ ಕಾಣಲಿಲ್ಲ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಅಪರೂಪಕ್ಕೊಮ್ಮೆ ಮಿದುಳನ್ನು ಹೊಕ್ಕಾಗ ಕಿವಿಯ ಬಳಿಯ ಭಾಗವಾದ ಟೆಂಪೊರಲ್ ಹಾಲೆಯನ್ನೇ ಹೆಚ್ಚಾಗಿ ಘಾಸಿಗೊಳಿಸುತ್ತದೆ. ಸೆಳವು ಸುಲಭವಾಗಿ ಹುಟ್ಟುವ ಜಾಗವೂ ಅದೇ.

ಹಾಗಾದರೆ ಹಾನಿ ಮಾಡುವುದು ವೈರಸ್ಸೋ, ಅದರ ವಿರುದ್ಧ ಹೋರಾಡುವ ದೇಹವೋ? ಇಲ್ಲಿ ಇಲಿಗಳಿಂದ ಬಂದ ಸಾಕ್ಷ್ಯ ಗಮನಾರ್ಹ. ಇಲಿಗಳಿಗೆ ಸಹಜವಾಗಿ ತಗಲುವ ಥೀಲರ್ ಎಂಬ ವೈರಸ್ಸನ್ನು ಒಂದು ನಿರ್ದಿಷ್ಟ ತಳಿಯ ಇಲಿಗಳ ಮಿದುಳಿಗೆ ಚುಚ್ಚಿದರೆ, ಮೂರನೆಯ ದಿನದಿಂದಾಚೆಗೆ ಸುಮಾರು ಅರ್ಧದಷ್ಟು ಇಲಿಗಳ ಮುಂಗಾಲುಗಳು ಅದುರತೊಡಗುತ್ತವೆ. ಕೆಲವು ಹಿಂಗಾಲುಗಳ ಮೇಲೆ ಎದ್ದು ನಿಂತು ಉರುಳಿಬೀಳುತ್ತವೆ. ಕೆಲವು ದಿನಗಳಲ್ಲಿ ಇದೆಲ್ಲ ನಿಲ್ಲುತ್ತದೆ, ವೈರಸ್ಸೂ ಇಲ್ಲವಾಗುತ್ತದೆ. ಆದರೆ ಸುಮಾರು ಎರಡು ತಿಂಗಳ ನಂತರ ಅವೇ ಇಲಿಗಳಲ್ಲಿ ಹಲವಕ್ಕೆ ತಾನೇ ತಾನಾಗಿ ಸೆಳವು ಮರುಕಳಿಸುತ್ತದೆ. ಇಂಟರ್‌ಲ್ಯೂಕಿನ್-6 ಎಂಬ ಉರಿಯೂತಕಾರಕ ಪ್ರೋಟೀನನ್ನು ತಯಾರಿಸಲಾಗದಂತೆ ಮಾರ್ಪಡಿಸಿದ ಇಲಿಗಳಲ್ಲಿ ಆರಂಭದ ಸೆಳವುಗಳು ಬಹಳ ಕಡಿಮೆ. ಹಾಗಾಗಿ ನರಕೋಶಗಳ ಸಮತೋಲ ಕೆಡಿಸುವುದರಲ್ಲಿ ವೈರಸ್‌ಗಿಂತ ಉರಿಯೂತದ ಪಾಲೇ ದೊಡ್ಡದಿರಬಹುದೆಂದು ನನಗೆ ತೋರುತ್ತದೆ.

ಮನುಷ್ಯರಲ್ಲಿ ಇಷ್ಟು ನಿಚ್ಚಳವಾದ ಚಿತ್ರ ಸಿಗುವುದಿಲ್ಲ. ಆರನೆಯ ಬಗೆಯ ಮಾನವ ಹರ್ಪಿಸ್ ವೈರಸ್ ಬಹುತೇಕ ಎಲ್ಲ ಮಕ್ಕಳಿಗೂ ಎಳವೆಯಲ್ಲೇ ತಗುಲಿ, ಜ್ವರ ಬರಿಸಿ, ಬಳಿಕ ಜೀವಮಾನವಿಡೀ ದೇಹದಲ್ಲಿ ಸುಪ್ತವಾಗಿರುತ್ತದೆ. ಜ್ವರದಲ್ಲಿ ಅರ್ಧ ಗಂಟೆಗೂ ಮೀರಿ ಫಿಟ್ಸ್ ಬಂದ ಮಕ್ಕಳ ಪೈಕಿ ಸುಮಾರು ಮೂರನೆಯ ಒಂದು ಭಾಗದಲ್ಲಿ ಈ ಸೋಂಕು ಸಕ್ರಿಯವಾಗಿದ್ದುದು ಕಂಡುಬಂದಿದೆ. ಟೆಂಪೊರಲ್ ಹಾಲೆಯ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಅಂಗಾಂಶದಲ್ಲೂ ಇದರ ಡಿಎನ್‌ಎ ಸಿಕ್ಕಿದೆ. ಆದರೆ ಹೆಚ್ಚುಕಡಿಮೆ ಎಲ್ಲರೊಳಗೂ ಇರುವ ವೈರಸ್ ರೋಗಿಯೊಳಗೂ ಸಿಕ್ಕಿತೆಂದ ಮಾತ್ರಕ್ಕೆ ಅದನ್ನೇ ಅಪರಾಧಿಯೆನ್ನಲಾಗದು.

ಈಗ ಬಳಕೆಯಲ್ಲಿರುವ ಔಷಧಗಳು ಸೆಳವನ್ನು ಹತ್ತಿಕ್ಕುತ್ತವೆಯೇ ಹೊರತು ರೋಗ ರೂಪುಗೊಳ್ಳುವುದನ್ನು ತಡೆಯುವುದಿಲ್ಲ. ಸೋಂಕಿಗೂ ಮೊದಲ ಸೆಳವಿಗೂ ನಡುವಿನ ಅವಧಿಯಲ್ಲಿ ಉರಿಯೂತವನ್ನು ತಗ್ಗಿಸಿದರೆ ಹೇಗೆಂಬ ಆಲೋಚನೆ ಸಹಜವೇ. ಆದರೆ ವೈರಸ್ಸನ್ನು ಹೊರಹಾಕುವುದೂ ಅದೇ ರೋಗನಿರೋಧಕ ಶಕ್ತಿ. ಬೇಗನೆ ತಗ್ಗಿಸಿದರೆ ಸೋಂಕು ಉಲ್ಬಣಿಸೀತು. ಮೇಲಾಗಿ, ರಾಚೆಸ್ಟರ್‌ನ ಲೆಕ್ಕದಂತೆ, ಉರಿಯೂತದ ವೇಳೆ ಸೆಳವು ಬಂದವರಲ್ಲೂ ಐವರಲ್ಲಿ ಸುಮಾರು ನಾಲ್ವರಿಗೆ ಮೂರ್ಛೆರೋಗ ಬರುವುದೇ ಇಲ್ಲ. ಉಳಿದ ಆ ಒಬ್ಬರು ಯಾರೆಂದು ಮೊದಲೇ ಗುರುತಿಸಬಲ್ಲ ಪರೀಕ್ಷೆ ಕೈಗೆ ಬರುವವರೆಗೆ ಇಂಥ ಔಷಧವನ್ನು ಎಲ್ಲರಿಗೂ ಕೊಡುವುದು ಕಷ್ಟ.