ಫೋಮ್ ಹಿಡಿಕೆಯ ಎಂಟು ಮಿಲಿಮೀಟರ್

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಬೋಟುಗಳು ದಕ್ಕೆಯಲ್ಲಿ ಸಾಲಾಗಿ ನಿಂತಿರುವ ಆ 61 ದಿನಗಳಲ್ಲೇ ನನ್ನ ಕೆಲಸದ ಮೇಜು ತುಂಬುವುದು. ಗಾಳ ಹಾಕುವವರು ಮಳೆ ಬಿಟ್ಟ ಹೊತ್ತಿಗೆ ಅಳಿವೆಗೆ, ಬಂಡೆಗಳ ಕಡೆಗೆ ಹೋಗುತ್ತಾರೆ. ಅಲ್ಲಿ ಮುರಿದದ್ದು, ಸಡಿಲವಾದದ್ದು ನನ್ನಲ್ಲಿಗೆ ಬರುತ್ತದೆ.

ಅಂಥ ಒಂದು ಮಳೆಗಾಲದಲ್ಲಿ ಒಬ್ಬರು ತಾವೇ ಕಟ್ಟಿದ್ದ ಒಂಬತ್ತು ಅಡಿಯ ಗಾಳದ ರಾಡ್ ತಂದರು. "ಹಿಡಿಕೆ ಕೈಯಲ್ಲೇ ತಿರುಗ್ತಾ ಉಂಟು ಮಾರಾಯ್ರೆ. ಬುಡದ ಮುಚ್ಚಳ ಎರಡು ಸಲ ಬಿದ್ದುಹೋಯ್ತು. ಎಷ್ಟು ಗಮ್ ಹಾಕಿದ್ರೂ ನಿಲ್ಲುವುದಿಲ್ಲ." ರಾಡನ್ನು ತಿರುಗಿಸಿ ಬುಡ ನೋಡಿದೆ. ಒಳಗಿನ ಕಾರ್ಬನ್ ಕೊಳವೆಯ ತುದಿಗಿಂತ ಫೋಮ್ ಹೊರಕ್ಕೆ ಚಾಚಿಕೊಂಡಿತ್ತು. ಅಳೆದರೆ ಎಂಟು ಮಿಲಿಮೀಟರ್. "ಕಟ್ಟಿದ ದಿನ ಇದು ಸಮಕ್ಕೆ ಇತ್ತಲ್ಲವಾ?" ಎಂದೆ. "ಸರಿಯಾಗಿ ಸಮ ಇತ್ತು. ನಾನೇ ಬ್ಲೇಡಿನಲ್ಲಿ ನೋಡಿದ್ದೇನೆ" ಎಂದರು.

ಅವರು ಹೇಳಿದ್ದು ನಿಜ. ಆ ದಿನ ಸಮಕ್ಕೇ ಇತ್ತು. ನೂಕುವಾಗ ಕುಗ್ಗಿದ್ದ ಫೋಮ್ ಆಮೇಲೆ ತನ್ನ ಮೂಲ ಉದ್ದಕ್ಕೆ ಮರಳಿತು. ಮುಂದೆ ರೀಲ್ ಸೀಟ್, ಅಂದರೆ ರೀಲನ್ನು ಕೂರಿಸುವ ಭಾಗ, ಅಡ್ಡ ಇದ್ದುದರಿಂದ ಹಿಂದಕ್ಕೆ ಬೆಳೆದು ಮುಚ್ಚಳವನ್ನು ನೂಕಿತು. ಫೋಮ್ ಹಿಡಿಕೆ ಕೈಕೊಟ್ಟಾಗ ಎಲ್ಲರೂ ಅಂಟನ್ನು ದೂರುತ್ತಾರೆ. ನಾನು ಬಿಚ್ಚಿ ನೋಡಿದ ಹಿಡಿಕೆಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ತೂತಿನ ಅಳತೆಯಲ್ಲಿ, ಇಲ್ಲವೇ ನೂಕಿದ ರೀತಿಯಲ್ಲಿ.

ನಾವು ಬಳಸುವ ಫೋಮ್ ಇವಿಎ ಎಂಬ ಪ್ಲಾಸ್ಟಿಕ್‌ನದು. ಓಡುವ ಶೂಗಳ ಅಟ್ಟೆಯ ನಡುಪದರದಲ್ಲಿ, ಮಕ್ಕಳು ಆಡುವ ಜೋಡಣೆಯ ಚಾಪೆಗಳಲ್ಲಿ ಇರುವುದೂ ಇದೇ ಜಾತಿಯ ವಸ್ತು. ಹಾಗೆಂದು ಚಾಪೆ ಕತ್ತರಿಸಿ ಹಿಡಿಕೆ ಮಾಡಬೇಡಿ. ಅದು ತೀರ ಮೆತ್ತಗೆ. ಮೀನು ಎಳೆದಾಗ ಅಂಗೈಯಲ್ಲಿ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ರಾಡಿಗೆಂದೇ ಮಾಡಿದ ಇವಿಎ ಗಟ್ಟಿ, ಉಗುರು ಒತ್ತಿದರೆ ಗುರುತು ನಿಧಾನಕ್ಕೆ ಮಾಯುತ್ತದೆ. ಅದರೊಳಗಿನ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿಲ್ಲದ ಕಾರಣ ನೀರು ಕುಡಿಯುವುದಿಲ್ಲ. ಪೋರ್ಚುಗಲ್‌ನಿಂದ ಬರುವ ಒಳ್ಳೆಯ ಕಾರ್ಕ್ ಕೈಗೆ ಇದಕ್ಕಿಂತ ಹಿತ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಉಪ್ಪುನೀರು, ಮೀನಿನ ಲೋಳೆ, ಮೂರು ತಿಂಗಳ ತೇವ ಇರುವ ಊರಿನಲ್ಲಿ ನಾನು ಕೊಡುವುದು ಇವಿಎ.

ಕಾರ್ಕ್ ಹಿಗ್ಗುವುದಿಲ್ಲ. ಅದರ ತೂತನ್ನು ಕೊಳವೆಯ ಆಕಾರಕ್ಕೆ ಸರಿಯಾಗಿ ಅರದಿಂದ ಉಜ್ಜಿ ಹೊಂದಿಸಬೇಕು. ಫೋಮ್ ಹಿಗ್ಗುತ್ತದೆ, ಆದ್ದರಿಂದ ತೂತು ಕೊಳವೆಗಿಂತ ಚಿಕ್ಕದೇ ಇರಬೇಕು. ಎಷ್ಟು ಚಿಕ್ಕದು ಎಂಬಲ್ಲಿ ಎಡವುವವರು ಬಹಳ. ಬ್ಲ್ಯಾಂಕ್, ಅಂದರೆ ರಾಡಿನ ಬರಿಯ ಕೊಳವೆ, ಬುಡದಲ್ಲಿ ದಪ್ಪ, ಮುಂದಕ್ಕೆ ಸಣ್ಣ. ಆ ಒಂಬತ್ತು ಅಡಿಯ ರಾಡಿನಲ್ಲಿ ಬುಡ 15 ಮಿ.ಮೀ. ಇತ್ತು. 35 ಸೆಂ.ಮೀ. ಮುಂದೆ, ಹಿಂದಿನ ಹಿಡಿಕೆ ಮುಗಿಯುವ ಕಡೆ, 13.7. ರೀಲಿನ ಮುಂದೆ ಕೈ ಹಿಡಿಯುವ ಫೋರ್‌ಗ್ರಿಪ್‌ನ ತುದಿಯಲ್ಲಿ 12.9. ಮೂರೂ ಕಡೆ ವರ್ನಿಯರ್ ಹಿಡಿದು ಅಳೆಯಿರಿ, ಬುಡದ ಒಂದೇ ಅಳತೆಯಿಂದ ಹಿಡಿಕೆ ಕೊಳ್ಳಬೇಡಿ. ತೂತು ಎಲ್ಲ ಕಡೆಯೂ ಕೊಳವೆಗಿಂತ ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಚಿಕ್ಕದಿರಬೇಕು, ಮೂರಕ್ಕಿಂತ ಹೆಚ್ಚಲ್ಲ. ಈ ರಾಡಿನ ಹಿಂದಿನ ಹಿಡಿಕೆಗೆ 12.5 ಮಿ.ಮೀ. ತೂತು ಸರಿಹೋಗುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದು 9 ಮಿ.ಮೀ. ಎಂದು "ಬಿಗಿಯಾಗಿದ್ದಷ್ಟೂ ಒಳ್ಳೆಯದು" ಅಂದುಕೊಂಡು ಹಾಕಲು ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಆಗ ಅದನ್ನು ಸುತ್ತಿಗೆಯ ಬಲದಿಂದ ನೂಕಬೇಕಾಗುತ್ತದೆ, ಕೇಡು ಶುರುವಾಗುವುದೇ ಅಲ್ಲಿ. ತೂತು ಚಿಕ್ಕದಾಗಿದ್ದರೆ ಹಳೆಯ ಮುರಿದ ರಾಡಿನ ತುಂಡಿಗೆ ಒರಟು ಉಪ್ಪುಕಾಗದವನ್ನು ಸುರುಳಿಯಾಗಿ ಅಂಟಿಸಿಕೊಂಡು, ಒಳಗೆ ತಿರುಗಿಸಿ ತಿರುಗಿಸಿ ದೊಡ್ಡದು ಮಾಡಿ. ಬುಡದ ಕಡೆಯ ಅರ್ಧವನ್ನು ಸ್ವಲ್ಪ ಜಾಸ್ತಿ ಉಜ್ಜಿದರೆ ಇನ್ನೂ ಒಳ್ಳೆಯದು.

ಹಿಡಿಕೆಯ ಹೊರ ಆಕಾರವನ್ನು ತಾವೇ ತಿದ್ದುವವರಿಗೆ ಇಲ್ಲಿ ಒಂದು ಮಾತು. ಡ್ರಿಲ್‌ಗೋ ಲೇಥ್‌ಗೋ ಸಿಕ್ಕಿಸಿ ಉಜ್ಜುವಾಗ ಒಳಗೆ ತೂರಿಸುವ ಸಲಾಕೆ ಕೊಳವೆಯಷ್ಟೇ ದಪ್ಪ ಇರಲಿ. 12 ಮಿ.ಮೀ. ಸಲಾಕೆಯ ಮೇಲೆ 28 ಮಿ.ಮೀ. ದಪ್ಪಕ್ಕೆ ತಂದ ಫೋಮನ್ನು 14.5 ಮಿ.ಮೀ. ಕೊಳವೆಗೆ ಹಾಕಿದರೆ ಅದು ಸುಮಾರು 29 ಆಗುತ್ತದೆ. ಕೈಗೆ ಆ ಒಂದು ಮಿಲಿಮೀಟರ್ ತಿಳಿಯುತ್ತದೆ. ಪಕ್ಕದ ರೀಲ್ ಸೀಟಿನ ಅಂಚಿಗೆ ಸಮ ಮಾಡಿದ್ದ ತುದಿ ಮೆಟ್ಟಿಲಾಗಿ ನಿಲ್ಲುತ್ತದೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ತೀರ ಹಗುರ, ನೇರ ಮೂಗಿಗೇ ಬರುತ್ತದೆ.

ಹಾಕುವ ಕ್ರಮದಲ್ಲಿ ತಕರಾರಿಲ್ಲ: ಎಲ್ಲವೂ ಸಣ್ಣ ತುದಿಯಿಂದ ಬುಡಕ್ಕೆ ಇಳಿಯಬೇಕು. ಮೊದಲು ಹಿಂದಿನ ಹಿಡಿಕೆ, ಆಮೇಲೆ ರೀಲ್ ಸೀಟ್, ಕೊನೆಗೆ ಫೋರ್‌ಗ್ರಿಪ್. ಗಾಳದ ದಾರ ಹಾಯುವ ಉಂಗುರಗಳನ್ನು ಕಟ್ಟುವುದು ಇದೆಲ್ಲ ಮುಗಿದ ಮೇಲೆ. ಎರಡು ತುಂಡಿನ ರಾಡಾದರೆ ತುಂಡುಗಳು ಕೂಡುವ ಜಾಗಕ್ಕೆ ಟೇಪ್ ಸುತ್ತಿಡಿ, ಅಲ್ಲಿ ಒಂದು ಹನಿ ಎಪಾಕ್ಸಿ ಅಂಟು ಒಣಗಿದರೂ ರಾಡ್ ಕೂಡುವುದಿಲ್ಲ. ಹಿಂದಿನ ಹಿಡಿಕೆ ಎಷ್ಟುದ್ದ ಎಂಬುದನ್ನು ಪುಸ್ತಕ ನೋಡಿ ತೀರ್ಮಾನಿಸಬೇಡಿ. ಬುಡವನ್ನು ಕಂಕುಳಲ್ಲಿಟ್ಟು ಕೈ ಆರಾಮವಾಗಿ ಚಾಚಿದಾಗ ರೀಲ್ ಎಲ್ಲಿ ಬೇಕೆನಿಸುತ್ತದೋ ಅಲ್ಲಿ ಗುರುತು ಹಾಕಿ. ರಾಡ್ ಹಿಡಿಯುವವರನ್ನೇ ಕರೆದು ನಿಲ್ಲಿಸಿ ಅಳೆದರೆ ಆಮೇಲೆ ಮಾತು ಬರುವುದಿಲ್ಲ.

ಕೊಳವೆಯ ಹೊಳಪನ್ನು 320ರ ಉಪ್ಪುಕಾಗದದಿಂದ ಮಂಕು ಮಾಡಿ. ಮಂಕಾದರೆ ಸಾಕು. ಕಪ್ಪು ಪುಡಿ ಬರತೊಡಗಿತೆಂದರೆ ಕಾರ್ಬನ್ ಎಳೆಯನ್ನೇ ಕೊಯ್ಯುತ್ತಿದ್ದೀರಿ, ನಿಲ್ಲಿಸಿ. ನಂತರ ಕೊಳವೆಯನ್ನೂ ಫೋಮಿನ ಒಳಮೈಯನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಆರಲು ಬಿಡಿ.

ಈಗ ಅಂಟು. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಈ ಕೆಲಸಕ್ಕೆ ಬೇಡವೇ ಬೇಡ. ಕ್ಷಣದಲ್ಲಿ ಹಿಡಿಯುವ ಹನಿ ಅಂಟಂತೂ ಗಾಜಿನ ಹಾಗೆ ಪೆಡಸು, ಬಾಗುವ ರಾಡಿನ ಮೇಲೆ ಬಿರಿಯುತ್ತದೆ. ನಿಧಾನಕ್ಕೆ ಗಟ್ಟಿಯಾಗುವ, ರಾತ್ರಿಯಿಡೀ ಬಿಡಬೇಕಾದ ಎರಡು ಟ್ಯೂಬಿನ ಎಪಾಕ್ಸಿಯೇ ಸರಿ. ಡಬ್ಬಿಯ ಮೇಲೆ ಬರೆದ ಸಮಯ ತಂಪು ದೇಶದ ಕೋಣೆಗೆ ಬರೆದದ್ದು ಎಂಬುದು ನೆನಪಿರಲಿ. ಬಿಸಿ ಹತ್ತು ಡಿಗ್ರಿ ಏರಿದರೆ ಎಪಾಕ್ಸಿ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಗಟ್ಟಿಯಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನಾನು ಹಿಡಿಕೆ ಹಾಕುವುದಿಲ್ಲ, ಬೆಳಿಗ್ಗೆ ಆರಕ್ಕೆ ಕೂರುತ್ತೇನೆ. ಕಲಸಿದ್ದನ್ನು ಸಣ್ಣ ಬಟ್ಟಲಿನಲ್ಲಿ ಗುಡ್ಡೆಯಾಗಿ ಇಡಬಾರದು. ಗುಡ್ಡೆಯಲ್ಲಿ ಅದರ ಬಿಸಿ ಅದರೊಳಗೇ ಉಳಿದು ಕಣ್ಣೆದುರೇ ಗಟ್ಟಿಯಾಗಿಬಿಡುತ್ತದೆ. ಹಳೆಯ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಕೈಗೆ ಇನ್ನಷ್ಟು ಹೊತ್ತು ಸಿಗುತ್ತದೆ.

ಎಲ್ಲಿ ಹಚ್ಚುವುದು? ಆ ಗಿರಾಕಿಯ ಹಿಡಿಕೆಯನ್ನು ಉದ್ದಕ್ಕೆ ಸೀಳಿ ತೆಗೆದಾಗ ಉತ್ತರ ಅಲ್ಲೇ ಕಾಣುತ್ತಿತ್ತು. (ಸೀಳುವಾಗ ಬ್ಲೇಡನ್ನು ಕೊಳವೆಗೆ ತಾಗಿಸಬೇಡಿ. ಮುಕ್ಕಾಲು ಆಳ ಕೊಯ್ದು ಉಳಿದದ್ದನ್ನು ಕೈಯಿಂದ ಸಿಗಿಯಿರಿ. ಕಾರ್ಬನ್ ಮೇಲೆ ಬಿದ್ದ ಒಂದು ಗೀರು ನಾಳೆ ರಾಡ್ ಮುರಿಯುವ ಜಾಗ.) ಬುಡದ ಹತ್ತಿರ ದಪ್ಪ ಬಳೆಯಂತೆ ಅಂಟು ಕಟ್ಟಿಕೊಂಡಿತ್ತು. ಮುಂದಿನ ಅರ್ಧದಲ್ಲಿ ಏನೂ ಇರಲಿಲ್ಲ, ಕೊಳವೆ ಒರೆಸಿಟ್ಟ ಹಾಗಿತ್ತು. ಬಿಗಿಯಾದ ಫೋಮ್ ಇಳಿಯುವಾಗ ಅದರ ಮುಂಚೂಣಿಯ ಬಾಯಿ ಅಂಟನ್ನು ದೋಸೆ ಕಾವಲಿ ಕೆರೆದಂತೆ ಕೆರೆದು ಬುಡಕ್ಕೆ ಒಯ್ಯುತ್ತದೆ. ಅದಕ್ಕೆ ನಾನು ಕೊಳವೆಗೆ ಪೂರ್ತಿ ಉದ್ದಕ್ಕೆ ತೆಳುವಾಗಿ ಹಚ್ಚಿ, ಫೋಮಿನ ಒಳಮೈಗೂ ಉದ್ದ ಕುಂಚದಿಂದ ಬಳಿಯುತ್ತೇನೆ. ಹಿಡಿಕೆ ಅರ್ಧ ಇಳಿದ ಮೇಲೆ ನಿಲ್ಲಿಸಿ, ಅದರ ಹಿಂದೆ ಬರಿದಾದ ಕೊಳವೆಗೆ ಮತ್ತೊಮ್ಮೆ ಹಚ್ಚಿ, ತಿರುಗಿಸುತ್ತ ಸ್ವಲ್ಪ ಮೇಲಕ್ಕೆ ತಂದು ಮತ್ತೆ ಇಳಿಸುತ್ತೇನೆ. ಹಸಿ ಎಪಾಕ್ಸಿ ಇಲ್ಲಿ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಗಟ್ಟಿಯಾಗತೊಡಗಿದ ಎಪಾಕ್ಸಿ ಬ್ರೇಕಿನ ಕೆಲಸ ಮಾಡುತ್ತದೆ.

ನೂಕುವುದು ಹೇಗೆ ಎಂಬುದನ್ನು ಬರವಣಿಗೆಯಲ್ಲಿ ಹೇಳುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಬಳೆಗಾರರು ಮದುಮಗಳಿಗೆ ಗಾಜಿನ ಬಳೆ ತೊಡಿಸುವುದನ್ನು ನೋಡಿದ್ದೀರಲ್ಲ. ಸಾಬೂನು ಹಚ್ಚಿ, ಬೆರಳುಗಳನ್ನು ಕೂಡಿಸಿ, ಕೈಯನ್ನೇ ಸ್ವಲ್ಪ ಸ್ವಲ್ಪ ಸರಿಸುತ್ತ ಬಳೆಯನ್ನು ಎಳೆದುಕೊಳ್ಳುತ್ತಾರೆ. ಒತ್ತಿ ತಳ್ಳಿದರೆ ಬಳೆ ಒಡೆಯುತ್ತದೆ. ಫೋಮ್ ಒಡೆಯುವುದಿಲ್ಲ, ಅದೇ ತೊಂದರೆ. ಮೇಲಿನಿಂದ ತಳ್ಳಿದಷ್ಟೂ ಅದು ಉದ್ದದಲ್ಲಿ ಕುಗ್ಗಿ, ದಪ್ಪದಲ್ಲಿ ಉಬ್ಬಿ, ಕೊಳವೆಯನ್ನು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ಆದ್ದರಿಂದ ಹಿಡಿಕೆಯ ಕೆಳಬಾಯಿಯ ಹತ್ತಿರ ಕೈಯಿಟ್ಟು ಬುಡದ ಕಡೆಗೆ ಎಳೆಯಿರಿ, ಮೇಲಿನ ಭಾಗ ತಾನಾಗಿ ಹಿಂಬಾಲಿಸಲಿ. ಜತೆಗೆ ಒಂದೇ ದಿಕ್ಕಿಗೆ ತಿರುಗಿಸುತ್ತಿರಿ. ತೀರ ಹಟ ಮಾಡಿದರೆ ಅಂಟು ಹಚ್ಚುವ ಮೊದಲೇ ಫೋಮನ್ನು ಬಿಸಿ ನೀರಿನಲ್ಲಿಟ್ಟು ಒರೆಸಿ ಮೆತ್ತಗೆ ಮಾಡಿಕೊಳ್ಳಬಹುದು, ಕುದಿಯುವ ನೀರಿನಲ್ಲಲ್ಲ.

ಜಾಗಕ್ಕೆ ಬಂದ ಮೇಲೆ ಸ್ಕೇಲ್ ತೆಗೆದುಕೊಳ್ಳಿ. ಈ ಒಂದು ಕೆಲಸವನ್ನು ಬಹಳ ಜನ ಮಾಡುವುದಿಲ್ಲ. 350 ಮಿ.ಮೀ. ಹಿಡಿಕೆ ಈಗ 342 ಇರುತ್ತದೆ. ಬುಡದ ತುದಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೇಲಿನ ತುದಿಯನ್ನು ಇನ್ನೊಂದು ಕೈಯಿಂದ ತಿರುಗಿಸುತ್ತ ಮುಂದಕ್ಕೆ ಬಿಡಿಸಿ, 350ಕ್ಕೆ ತನ್ನಿ. ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಬದಲಾಗದೆ ನಿಂತ ಮೇಲೆಯೇ ರೀಲ್ ಸೀಟಿನ ಮಾತು. ಆ ಗಿರಾಕಿ 342ಕ್ಕೆ ಗುರುತು ಹಾಕಿ, ಅಲ್ಲೇ ಸೀಟ್ ಕೂರಿಸಿಬಿಟ್ಟಿದ್ದರು. ಕುಗ್ಗಿ ಕೂತ ಫೋಮ್ ಬಿಸಿಲಿಗೆ, ಕಾರಿನ ಡಿಕ್ಕಿಯ ಸೆಕೆಗೆ ಮೆತ್ತಗಾಗಿ ದಿನಕ್ಕಿಷ್ಟು ಚಾಚಿಕೊಂಡಿತು. ಇದ್ದ ಆ ಒಂದು ಬಳೆಯಷ್ಟು ಅಂಟನ್ನೂ ಕಿತ್ತುಕೊಂಡಿತು. ತಿರುಗಲು ತೊಡಗಿದ್ದು ಹಾಗೆ. ವಿಪರೀತ ಎಳೆದು 355 ಮಾಡಿದರೂ ತಪ್ಪೇ, ಆಗ ಕುಗ್ಗಿ ಸಂದು ಬಿಡುತ್ತದೆ.

ಸೋರಿದ ಎಪಾಕ್ಸಿಯನ್ನು ಹಸಿ ಇರುವಾಗಲೇ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಕೈಗವಸು ಎರಡು ಜೋಡಿ ಒಂದರ ಮೇಲೊಂದು ಹಾಕಿಕೊಳ್ಳಿ. ಅಂಟಾದ ಜೋಡಿಯನ್ನು ಕಳಚಿ, ಶುದ್ಧ ಕೈಯಿಂದ ಫೋಮ್ ಮುಟ್ಟಿ. ಉಜ್ಜಿದ ಫೋಮಿಗೆ ಹತ್ತಿದ ಎಪಾಕ್ಸಿಯ ಕಲೆ ಹೊಳೆಯುತ್ತ ಕೊನೆವರೆಗೂ ಉಳಿಯುತ್ತದೆ.

ರೀಲ್ ಸೀಟಿನ ಒಳಗೂ ಕೊಳವೆಗೂ ನಡುವೆ ಜಾಗ ಉಳಿಯುತ್ತದೆ. ಅದನ್ನು ಕೊಳವೆಗೆ ಬಳೆಯಂತೆ ಮೂರು ಕಡೆ ಸುತ್ತಿದ ಮಾಸ್ಕಿಂಗ್ ಟೇಪಿನಿಂದ ತುಂಬಿ, ನಡುವಿನ ಸಂದುಗಳಿಗೆ ಎಪಾಕ್ಸಿ ಕೊಡಬಹುದು. ಟೇಪ್ ಅಂಚಿನವರೆಗೆ ಬರದಿರಲಿ. ಹೊರಗೆ ಕಾಣುವ ಟೇಪ್ ನೀರು ಹೀರುತ್ತದೆ. ತಿರುಪಿನ ಎಳೆಗಳಿಗೆ ಮೊದಲೇ ಚೂರು ವ್ಯಾಸಲೀನ್ ಸವರಿ. ಸೀಟಿನ ಕೆಲಸ ಇಷ್ಟೇ.

ಫೋರ್‌ಗ್ರಿಪ್ಪನ್ನು ನಾನು ಅದೇ ದಿನ ಹಾಕುವುದಿಲ್ಲ. ಹಸಿ ಅಂಟಿನ ಮೇಲೆ ನಿಂತ ಸೀಟಿಗೆ ಫೋಮ್ ಒತ್ತಿದರೆ ಸೀಟೇ ಓರೆಯಾಗುತ್ತದೆ. ಮರುದಿನ ಹಾಕಿದರೂ ಇನ್ನೊಂದು ಕಾಟ ಇದೆ. ಹಿಗ್ಗಿದ ಫೋಮ್ ಯಾವಾಗಲೂ ಕೊಳವೆ ಸಣ್ಣಗಿರುವ ಕಡೆಗೆ ಜಾರಲು ನೋಡುತ್ತದೆ. ಹಿಂದಿನ ಹಿಡಿಕೆಗೆ ಸೀಟ್ ಅಡ್ಡ ಇದೆ, ಫೋರ್‌ಗ್ರಿಪ್‌ಗೆ ಎದುರು ಏನೂ ಇಲ್ಲ. ರಾತ್ರಿ ಸೀಟಿಗೆ ತಾಗಿಸಿಟ್ಟು ಮಲಗಿದರೆ ಬೆಳಿಗ್ಗೆ ಒಂದು ಮಿ.ಮೀ. ಸಂದು ಬಿಟ್ಟು ಮುಂದೆ ನಿಂತಿರುತ್ತದೆ, ಅಷ್ಟು ಹೊತ್ತಿಗೆ ಅಂಟು ಕಲ್ಲಾಗಿರುತ್ತದೆ. ಉದ್ದವನ್ನು ಸರಿಮಾಡಿದ ಕೂಡಲೇ ಅದರ ಮುಂದೆ ಕೊಳವೆಗೆ ಟೇಪನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಗೋಡೆ ಕಟ್ಟಿ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಬಿಚ್ಚಿ.

ಬುಡದ ಮುಚ್ಚಳ ಎಲ್ಲಕ್ಕಿಂತ ಕೊನೆಗೆ. ಫೋಮನ್ನು ಕೊಳವೆಯ ತುದಿಗೆ ಸಮ ಕತ್ತರಿಸಿ, ರಬ್ಬರ್ ಮುಚ್ಚಳದೊಳಗೆ ಎಪಾಕ್ಸಿ ಬಳಿದು ಒತ್ತಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಅದನ್ನು ಮೆಲ್ಲಗೆ ಹೊರಕ್ಕೆ ದಬ್ಬುತ್ತದೆ. ಒಂದು ಗೇಣು ನೈಲಾನ್ ದಾರವನ್ನು ಅಂಚಿನಲ್ಲಿ ಇಟ್ಟು ಅದರ ಮೇಲೆಯೇ ಮುಚ್ಚಳ ಒತ್ತುತ್ತೇನೆ. ದಾರದ ಪಕ್ಕದಿಂದ ಗಾಳಿ ಪುಸ್ಸೆಂದು ಹೋಗುವುದು ಕಿವಿಗೆ ಕೇಳುತ್ತದೆ. ಆಮೇಲೆ ದಾರವನ್ನು ಎಳೆದು ತೆಗೆದು, ರಾಡನ್ನು ಮುಚ್ಚಳದ ಮೇಲೆ ನೆಟ್ಟಗೆ ನಿಲ್ಲಿಸಿ ಗೋಡೆಗೆ ಒರಗಿಸುತ್ತೇನೆ. ಆ ಒಂಬತ್ತು ಅಡಿಯದನ್ನೂ ಹಾಗೇ ನಿಲ್ಲಿಸಿದ್ದೆ. ಅವರು ಮೂರನೆಯ ದಿನ ಬಂದು ಹಿಡಿಕೆಯನ್ನು ಎರಡೂ ಕೈಯಿಂದ ತಿರುಚಿ ನೋಡಿ, ಜೇಬಿನಿಂದ ತಮ್ಮದೇ ಸ್ಕೇಲ್ ತೆಗೆದು ಅಳೆದರು.